ಐನ್‌ಸ್ಟೈನ್ ಮಗ ಮತ್ತು ಹೊಳೆಯ ತಳದ ಕಲ್ಲುಗಳು

ಫ್ಲೂಯಿಡ್ ಮೆಕ್ಯಾನಿಕ್ಸ್ ಅಸೈನ್‌ಮೆಂಟ್ ಬರೆಯಲು ಒಂದು ದಿನ ಲೈಬ್ರರಿಗೆ ಹೋಗಿದ್ದೆವು. ನದಿಗಳ ಬಗ್ಗೆ ಇದ್ದ ಒಂದು ದಪ್ಪ ಪುಸ್ತಕದ ಕೊನೆಯ ಪುಟಗಳಲ್ಲಿ ಐನ್‌ಸ್ಟೈನ್ ಅಂತ ಒಂದು ಹೆಸರು, ಅದರ ಪಕ್ಕ ಬೆಡ್ ಲೋಡ್ ಫಂಕ್ಷನ್ ಅಂತ ಇತ್ತು. ಪ್ರಿಂಟಿಂಗ್ ಮಿಸ್ಟೇಕ್ ಇರಬೇಕು ಅಂದುಕೊಂಡೆವು. ರಿಲೇಟಿವಿಟಿ ಬರೆದವರಿಗೆ ಹೊಳೆಯ ಮರಳಿನಲ್ಲಿ ಎಂತ ಕೆಲಸ? ಇನಿಶಿಯಲ್ ನೋಡಿದರೆ ಎಚ್. ಎ. ಐನ್‌ಸ್ಟೈನ್. ಅಂದರೆ ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್. ಆಲ್ಬರ್ಟ್ ಐನ್‌ಸ್ಟೈನ್ ಅವರ ದೊಡ್ಡ ಮಗ. ನಮ್ಮ ಹಾಗೆ ಸಿವಿಲ್ ಇಂಜಿನಿಯರ್!

ಸಿಇಟಿ ರ‍್ಯಾಂಕ್ ಕೈಯಲ್ಲಿ ಹಿಡಿದುಕೊಂಡು ಸಿವಿಲ್ ತಗೊಂಡಾಗ ನೆಂಟರೆಲ್ಲ ಮುಖ ಸಣ್ಣ ಮಾಡಿದ್ದು ನಮಗೆ ಇನ್ನೂ ನೆನಪುಂಟು. ಹಾಗಾಗಿ ಈ ಮನುಷ್ಯನ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ ಹುಟ್ಟಿತು. ಓದುತ್ತಾ ಹೋದ ಹಾಗೆ ಇನ್ನೊಂದು ವಿಷಯ ಗೊತ್ತಾಯಿತು. ಅವರು ಜೀವನವಿಡೀ ಹಿಂದೆ ಬಿದ್ದ ಪ್ರಶ್ನೆ ನಮ್ಮ ಪಶ್ಚಿಮ ಘಟ್ಟದ ಬುಡದಲ್ಲಿ ಪ್ರತಿ ಮಳೆಗಾಲದಲ್ಲೂ ಏಳುವ ಪ್ರಶ್ನೆಯೇ.

ಮೊದಲು ನಮ್ಮ ಹೊಳೆಯ ಕಥೆ

ಜುಲೈ ತಿಂಗಳಲ್ಲಿ ಪಾಣೆಮಂಗಳೂರು ಸಂಕದ ಮೇಲೆ ನಿಂತು ನೇತ್ರಾವತಿಯನ್ನು ನೋಡಿ. ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ನೀರಿನಲ್ಲಿ ತೇಲಿಕೊಂಡು ಬರುವ ನುಣ್ಣನೆ ಮಣ್ಣಿನದು. ಇದು ಕಣ್ಣಿಗೆ ಕಾಣುತ್ತದೆ, ಬಾಟಲಿಯಲ್ಲಿ ಹಿಡಿದು ಒಣಗಿಸಿ ತೂಗಲೂ ಬಹುದು. ಆದರೆ ಅದರ ಅಡಿಯಲ್ಲಿ ಇನ್ನೊಂದು ಸಾಗಾಟ ನಡೆಯುತ್ತಿರುತ್ತದೆ. ಮರಳು, ಜಲ್ಲಿ, ಗುಂಡುಕಲ್ಲು ಎಲ್ಲ ತಳಕ್ಕೆ ಅಂಟಿಕೊಂಡೇ ಉರುಳುತ್ತಾ, ಜಾರುತ್ತಾ, ಕುಪ್ಪಳಿಸುತ್ತಾ ಬರುತ್ತವೆ. ಇದಕ್ಕೇ ಬೆಡ್ ಲೋಡ್ ಅನ್ನುವುದು. ಕನ್ನಡದಲ್ಲಿ ಒಂದು ಒಳ್ಳೆಯ ಪದ ಹುಡುಕಿದೆವು, ಸಿಗಲಿಲ್ಲ. ಹೂಳು ಅನ್ನುವ ಪದ ಉಂಟು, ಆದರೆ ಹೂಳು ಅಂದರೆ ಬಂದು ಕೂತದ್ದು. ಇನ್ನೂ ಓಡುತ್ತಿರುವುದಕ್ಕೆ ಎಂತ ಹೇಳುವುದು? ಸದ್ಯಕ್ಕೆ ತಳದ ಕಲ್ಲು ಅಂತಲೇ ಕರೆಯೋಣ.

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ಘಟ್ಟ ಕುಸಿದಾಗ ಹೊಳೆಗಳು ತಂದದ್ದು ನೀರು ಮಾತ್ರ ಆಗಿರಲಿಲ್ಲ. ಬಂಡೆ, ಮರದ ದಿಮ್ಮಿ, ರಾಶಿ ರಾಶಿ ಮರಳು ಗದ್ದೆ ತೋಟಗಳ ಮೇಲೆ ಬಂದು ಕೂತವು. ನಮ್ಮ ಹಾಸ್ಟೆಲಿನ ಒಬ್ಬನ ಮನೆ ಆ ಕಡೆಯದ್ದು. ನೆರೆ ಇಳಿದದ್ದು ಎರಡು ದಿನದಲ್ಲಿ, ಅಡಿಕೆ ತೋಟದ ಕಲ್ಲು ತೆಗೆಯಲು ಎರಡು ವರ್ಷ ಬೇಕಾಯಿತು ಅಂತ ಅವನು ಹೇಳುತ್ತಾನೆ. ಘಟ್ಟದ ನೆತ್ತಿಯಿಂದ ಮಂಗಳೂರಿನ ಅಳಿವೆ ಬಾಗಿಲಿಗೆ ನೇತ್ರಾವತಿಗೆ ಸುಮಾರು 100 ಕಿಲೋಮೀಟರ್ ದಾರಿ ಅಷ್ಟೇ. ಮೇಲೆ ಕಡಿದಾದ ಇಳಿಜಾರು, ಮೂರು ನಾಲ್ಕು ತಿಂಗಳಲ್ಲಿ ಸುರಿಯುವ ಮಳೆ. ಇಂಥ ಹೊಳೆ ಒಂದು ನೆರೆಯಲ್ಲಿ ಎಷ್ಟು ಕಲ್ಲು ಹೊರುತ್ತದೆ ಅಂತ ಹೇಗೆ ಲೆಕ್ಕ ಹಾಕುವುದು? ಈ ಪ್ರಶ್ನೆಯನ್ನು ಇಟ್ಟುಕೊಂಡು ಈಗ ಸ್ವಿಟ್ಜರ್ಲೆಂಡಿಗೆ ಹೋಗೋಣ.

ಅಪ್ಪನಿಗೆ ಇಷ್ಟವಿಲ್ಲದ ಇಂಜಿನಿಯರಿಂಗ್

ಹಾನ್ಸ್ ಆಲ್ಬರ್ಟ್ ಹುಟ್ಟಿದ್ದು 1904ರ ಮೇ 14ರಂದು, ಬರ್ನ್ ನಗರದಲ್ಲಿ. ಅಪ್ಪ ಆಗ ಪೇಟೆಂಟ್ ಆಫೀಸಿನಲ್ಲಿ ಒಬ್ಬ ಸಾಧಾರಣ ನೌಕರ. ಅಮ್ಮ ಮಿಲೇವಾ ಮಾರಿಚ್ ಜ್ಯೂರಿಕ್‌ನಲ್ಲಿ ಅಪ್ಪನ ಜೊತೆಯಲ್ಲೇ ಫಿಸಿಕ್ಸ್ ಓದಿದವರು. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅಪ್ಪ 1905ರ ಆ ಪ್ರಸಿದ್ಧ ಪೇಪರ್‌ಗಳನ್ನು ಬರೆಯುತ್ತಿದ್ದರು. ಅದರಲ್ಲಿ ಒಂದು ಬ್ರೌನಿಯನ್ ಚಲನೆಯ ಬಗ್ಗೆ, ಅಂದರೆ ನೀರಿನಲ್ಲಿ ಸಣ್ಣ ಕಣಗಳು ದಿಕ್ಕುದೆಸೆ ಇಲ್ಲದೆ ಅಲುಗಾಡುವುದರ ಬಗ್ಗೆ. ಈ ಪಾಯಿಂಟ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆ ಚೆನ್ನಾಗಿ ನಡೆಯಲಿಲ್ಲ. 1914ರಲ್ಲಿ ಸಂಸಾರ ಬರ್ಲಿನ್‌ಗೆ ಹೋಯಿತು. ಕೆಲವೇ ತಿಂಗಳಲ್ಲಿ ಅಮ್ಮ ಎರಡು ಗಂಡುಮಕ್ಕಳನ್ನು ಕರೆದುಕೊಂಡು ಜ್ಯೂರಿಕ್‌ಗೆ ವಾಪಸ್ ಬಂದರು. ಹುಡುಗನಿಗೆ ಆಗ 10 ವರ್ಷ. 1919ರಲ್ಲಿ ಅಪ್ಪ ಅಮ್ಮನ ಡೈವೋರ್ಸ್ ಆಯಿತು. ಅಪ್ಪನ ಹೆಸರು ಜಗತ್ತಿನ ಪೇಪರ್‌ಗಳಲ್ಲೆಲ್ಲ ಬಂದದ್ದೂ ಅದೇ ವರ್ಷ. ಮಗನಿಗೆ ಅಪ್ಪ ಸಿಗುತ್ತಿದ್ದದ್ದು ಹೆಚ್ಚಾಗಿ ಪತ್ರಗಳಲ್ಲಿ, ಮತ್ತೆ ರಜೆಯಲ್ಲಿ.

ಮುಂದೆ ಹುಡುಗ ಅಪ್ಪ ಅಮ್ಮ ಇಬ್ಬರೂ ಓದಿದ ಜ್ಯೂರಿಕ್‌ನ ಇಟಿಎಚ್‌ಗೇ ಸೇರಿದ, ಆದರೆ ತಗೊಂಡದ್ದು ಸಿವಿಲ್. ಅಪ್ಪನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ನಮ್ಮಲ್ಲಿ ಅಪ್ಪಂದಿರು ಇಂಜಿನಿಯರ್ ಆಗು ಅಂತ ಬೆನ್ನು ಹತ್ತುತ್ತಾರೆ, ಅಲ್ಲಿ ಪೂರಾ ಉಲ್ಟಾ. ಹಾನ್ಸ್ ಆಲ್ಬರ್ಟ್ ಕೇಳಲಿಲ್ಲ. 1926ರಲ್ಲಿ ಡಿಪ್ಲೊಮಾ ಮುಗಿಸಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಉಕ್ಕಿನ ಕಟ್ಟಡ ಸೇತುವೆಗಳ ಡಿಸೈನ್ ಕೆಲಸಕ್ಕೆ ಸೇರಿದರು. ಮರುವರ್ಷ ತಮಗಿಂತ 9 ವರ್ಷ ದೊಡ್ಡವರಾದ ಫ್ರೀಡಾ ಕ್ನೆಕ್ಟ್ ಅವರನ್ನು ಮದುವೆಯಾದರು. ಅದಕ್ಕೂ ಅಪ್ಪ ಬೇಡ ಅಂದರು. ತಮಾಷೆ ಅಂದರೆ, ಮಿಲೇವಾ ಅವರನ್ನು ಮದುವೆಯಾಗುವಾಗ ಇದೇ ಅಪ್ಪನಿಗೆ ಅವರ ಮನೆಯವರೂ ಬೇಡ ಅಂದಿದ್ದರು.

ಇನ್ನೊಂದು ಮಜಾ ಉಂಟು. ಮಗ ಸಿವಿಲ್ ಮುಗಿಸಿದ ಅದೇ 1926ರಲ್ಲಿ ಅಪ್ಪನೇ ನದಿಯ ಮೇಲೆ ಒಂದು ಪುಟ್ಟ ಪೇಪರ್ ಬರೆದರು! ಚಹಾವನ್ನು ಚಮಚದಿಂದ ತಿರುಗಿಸಿ ಬಿಟ್ಟರೆ ಎಲೆಗಳೆಲ್ಲ ಕಪ್ಪಿನ ತಳದ ಮಧ್ಯಕ್ಕೆ ಬಂದು ಸೇರುತ್ತವೆ, ಹೊರಗೆ ಹೋಗುವುದಿಲ್ಲ. ತಳದ ಹತ್ತಿರ ನೀರು ಘರ್ಷಣೆಯಿಂದ ನಿಧಾನವಾಗುವುದರಿಂದ ಅಲ್ಲಿ ಒಳಮುಖವಾಗಿ ಒಂದು ಸುತ್ತು ಹರಿವು ಹುಟ್ಟುತ್ತದೆ. ನದಿ ತಿರುವಿನಲ್ಲಿ ಹೊರದಂಡೆ ಕೊರೆದು ಹೋಗಿ ಒಳದಂಡೆಯಲ್ಲಿ ಮರಳು ಕೂರುವುದಕ್ಕೂ ಇದೇ ಕಾರಣ. ಅಪ್ಪ ಇದನ್ನು ಬರೆದು ಪುನಃ ತಮ್ಮ ಫಿಸಿಕ್ಸ್‌ಗೆ ಹೋದರು. ಮಗ ನದಿಯಲ್ಲೇ ಉಳಿದರು.

ಬಣ್ಣದ ಕಲ್ಲುಗಳ ಪ್ರಯೋಗ

1930ರ ದಶಕದ ಆರಂಭದಲ್ಲಿ ಅವರು ಜ್ಯೂರಿಕ್‌ಗೆ ವಾಪಸ್ ಬಂದು ಇಟಿಎಚ್‌ನ ಹೊಸ ಹೈಡ್ರಾಲಿಕ್ಸ್ ಲ್ಯಾಬ್ ಸೇರಿದರು. ಗೈಡ್ ಯೂಜೆನ್ ಮೇಯರ್-ಪೀಟರ್. ಬೆಡ್ ಲೋಡ್ ಓದಿದವರಿಗೆ ಮೇಯರ್-ಪೀಟರ್ ಮತ್ತು ಮುಲ್ಲರ್ ಫಾರ್ಮುಲಾ ಗೊತ್ತಿರಬಹುದು, ಅವರೇ ಇವರು. ಆಲ್ಪ್ಸ್‌ನಿಂದ ಇಳಿಯುವ ರೈನ್ ನದಿ ತರುವ ಕಲ್ಲನ್ನು ಏನು ಮಾಡುವುದು ಅನ್ನುವುದು ಸ್ವಿಸ್ ಇಂಜಿನಿಯರ್‌ಗಳಿಗೆ ಆಗ ದೊಡ್ಡ ತಲೆಬಿಸಿ.

ಅಲ್ಲಿಯವರೆಗೆ ನಡೆದುಕೊಂಡು ಬಂದ ಯೋಚನೆ ಹೀಗಿತ್ತು: ತಳವನ್ನು ನೀರು ಉಜ್ಜುವ ಬಲ ಒಂದು ಮಿತಿ ದಾಟಬೇಕು. ದಾಟಿದರೆ ಕಲ್ಲು ಹೊರಡುತ್ತದೆ, ಇಲ್ಲದಿದ್ದರೆ ಇಲ್ಲ. ಸ್ವಿಚ್ ಹಾಕಿದ ಹಾಗೆ. ಆದರೆ ಲ್ಯಾಬಿನ ಫ್ಲೂಮ್‌ನಲ್ಲಿ ಕೂತು ನೋಡಿದರೆ ಕಲ್ಲುಗಳು ಹಾಗೆ ವರ್ತಿಸುವುದಿಲ್ಲ. ಒಂದೇ ಸೈಜಿನ ಎರಡು ಕಲ್ಲು ಪಕ್ಕ ಪಕ್ಕ ಇದ್ದರೂ ಒಂದು ಹೊರಟು ಹೋಗುತ್ತದೆ, ಇನ್ನೊಂದು ಅಲ್ಲೇ ಕೂತಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಎರಡನೆಯದು ಹೊರಡುತ್ತದೆ, ಮೊದಲನೆಯದು ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ಮಂಗಳೂರು ಬಸ್ ಸ್ಟ್ಯಾಂಡಿನ ಸಿಟಿ ಬಸ್‌ಗಳ ಹಾಗೆ ಅಂತ ಇಟ್ಟುಕೊಳ್ಳಿ. ಯಾವ ಬಸ್ ಯಾವಾಗ ಹೊರಡುತ್ತದೆ ಹೇಳಲಾಗದು, ಆದರೆ ಗಂಟೆಗೆ ಎಷ್ಟು ಹೋಗುತ್ತವೆ ಅಂತ ಅಂದಾಜು ಹೇಳಬಹುದು.

ಹಾನ್ಸ್ ಆಲ್ಬರ್ಟ್ ಬಣ್ಣದ ಕಲ್ಲುಗಳನ್ನು ಫ್ಲೂಮ್‌ಗೆ ಬಿಟ್ಟು, ಒಂದಿಷ್ಟು ಹೊತ್ತು ನೀರು ಹರಿಸಿ, ಯಾವ ಕಲ್ಲು ಎಷ್ಟು ದೂರ ಹೋಗಿದೆ ಅಂತ ಎಣಿಸಿದರು. ಪುನಃ ಪುನಃ ಎಣಿಸಿದರು. ಅದರಿಂದ ಬಂದ ಚಿತ್ರ ಇಷ್ಟು: ಕಲ್ಲಿನ ಜೀವನದಲ್ಲಿ ಎರಡೇ ಕೆಲಸ, ಒಂದು ಹೆಜ್ಜೆ ಹಾಕುವುದು, ಇನ್ನೊಂದು ಕೂರುವುದು. ಹೆಜ್ಜೆ ಕ್ಷಣದ ಕೆಲಸ, ಕೂರುವುದು ಮಾತ್ರ ತುಂಬಾ ಹೊತ್ತು. ಎರಡೂ ರ‍್ಯಾಂಡಮ್. ನೀರಿನ ಸುಳಿಗಳಿಂದ ಒಂದು ಕ್ಷಣ ಎದ್ದ ಲಿಫ್ಟ್ ಕಲ್ಲಿನ ಮುಳುಗಿದ ತೂಕಕ್ಕಿಂತ ಜಾಸ್ತಿ ಆಗುವ ಸಾಧ್ಯತೆ ಎಷ್ಟು ಅಂತ ಕೇಳಬೇಕು. ಹೊರಡುತ್ತದೋ ಇಲ್ಲವೋ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಸರಾಸರಿ ಹೆಜ್ಜೆಯನ್ನು ಕಲ್ಲಿನ ವ್ಯಾಸದ ಸುಮಾರು 100 ಪಟ್ಟು ಅಂತ ಅವರು ತೆಗೆದುಕೊಂಡರು. ಅಂದರೆ 1 ಮಿ.ಮೀ. ಮರಳಿಗೆ 10 ಸೆಂ.ಮೀ., 2 ಸೆಂ.ಮೀ. ಜಲ್ಲಿಗೆ 2 ಮೀಟರ್.

1936ರಲ್ಲಿ ಈ ಕೆಲಸಕ್ಕೆ ಡಾಕ್ಟರೇಟ್ ಬಂತು. ಥೀಸಿಸ್‌ನ ಹೆಸರಿನಲ್ಲೇ ತಳದ ಕಲ್ಲಿನ ಚಲನೆ ಪ್ರಾಬಬಿಲಿಟಿಯ ಲೆಕ್ಕ ಅನ್ನುವ ಅರ್ಥ ಇತ್ತು. ಈಗ ಆ ಬ್ರೌನಿಯನ್ ಪಾಯಿಂಟ್ ನೆನಪು ಮಾಡಿಕೊಳ್ಳಿ. ಅಪ್ಪ ಕಣ್ಣಿಗೆ ಕಾಣದ ಅಣುಗಳ ಗೊಂದಲವನ್ನು ಸಾಧ್ಯತೆಯ ಲೆಕ್ಕದಿಂದ ಹಿಡಿದಿದ್ದರು. ಮಗ 30 ವರ್ಷದ ನಂತರ ಅದೇ ಜಾತಿಯ ಲೆಕ್ಕದಿಂದ ಹೊಳೆಯ ಕಲ್ಲುಗಳನ್ನು ಹಿಡಿದರು. ಹೊಳೆಯ ತಳದ ವಿಷಯ ತನಗೆ ಬಹಳ ಕಷ್ಟ ಅಂತ ಅಪ್ಪ ಒಮ್ಮೆ ಅದನ್ನು ಬಿಟ್ಟಿದ್ದರು ಅಂತ ಒಂದು ಕಥೆ ಹೈಡ್ರಾಲಿಕ್ಸ್ ಮೇಷ್ಟ್ರುಗಳ ನಡುವೆ ಓಡಾಡುತ್ತದೆ. ನಮಗಂತೂ ಆ ಕಥೆ ಇಷ್ಟ.

ಸಮುದ್ರ ದಾಟಿದ ಮೇಲೆ

ಹಿಟ್ಲರ್ ಬಂದ ಮೇಲೆ ಅಪ್ಪ 1933ರಲ್ಲೇ ಅಮೆರಿಕ ಸೇರಿದ್ದರು. ಯುರೋಪ್ ಬಿಟ್ಟು ಬಾ ಅಂತ ಮಗನಿಗೂ ಹೇಳಿದರು. ಈ ಸಲ ಮಗ ಕೇಳಿದರು. 1938ರಲ್ಲಿ ಹೆಂಡತಿ, ಇಬ್ಬರು ಸಣ್ಣ ಗಂಡುಮಕ್ಕಳ ಜೊತೆ ಸೌತ್ ಕೆರೊಲಿನಾದ ಗ್ರೀನ್‌ವಿಲ್‌ಗೆ ಬಂದು ಇಳಿದರು. ಬಂದ ಕೆಲವೇ ತಿಂಗಳಲ್ಲಿ 6 ವರ್ಷದ ಮಗ ಕ್ಲಾಸ್ ಡಿಫ್ತೀರಿಯಾದಿಂದ ತೀರಿಹೋದ. ಅದಾದ ಮೇಲೆ ಹುಟ್ಟಿದ ಇನ್ನೊಂದು ಗಂಡುಮಗುವೂ ಉಳಿಯಲಿಲ್ಲ. ಮುಂದೆ ಅವರು ಎವೆಲಿನ್ ಎಂಬ ಹೆಣ್ಣುಮಗುವನ್ನು ದತ್ತು ತಗೊಂಡರು. ದೊಡ್ಡ ಹೆಸರಿನ ಮನೆಯ ಮಗ ಅಂದರೆ ಎಲ್ಲ ಸುಖವಾಗಿ ನಡೆದಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹೊಸ ದೇಶ, ಹೊಸ ಭಾಷೆ, ಮನೆಯಲ್ಲಿ ಈ ದುಃಖ. ಇದರ ನಡುವೆ ಅವರು ಪ್ರತಿದಿನ ಹೊಳೆಗೆ ಇಳಿಯುವ ಕೆಲಸ ಮಾಡುತ್ತಿದ್ದರು.

ಕೆಲಸ ಅಮೆರಿಕದ ಕೃಷಿ ಇಲಾಖೆಯ ಮಣ್ಣು ಸಂರಕ್ಷಣಾ ವಿಭಾಗದಲ್ಲಿ. ಹೊಲಗಳ ಮೇಲ್ಮಣ್ಣು ಕೊಚ್ಚಿ ಹೊಳೆಗಳನ್ನು ತುಂಬುತ್ತಿದ್ದ ಕಾಲ ಅದು. ಎನೊರೀ ನದಿ ಮತ್ತು ಮೌಂಟನ್ ಕ್ರೀಕ್ ಎಂಬ ಸಣ್ಣ ಹಳ್ಳದಲ್ಲಿ ತಳದಲ್ಲಿ ಸಾಗುವ ಮರಳನ್ನು ಅವರು ಅಳೆದರು. ಗಾಜಿನ ಫ್ಲೂಮ್‌ನಲ್ಲಿ ಹುಟ್ಟಿದ ಲೆಕ್ಕ ನಿಜವಾದ ಹೊಳೆಯಲ್ಲಿ ನಿಲ್ಲುತ್ತದಾ ಅಂತ ನೋಡಬೇಕಿತ್ತಲ್ಲ! 1943ರಲ್ಲಿ ಕ್ಯಾಲ್ಟೆಕ್‌ಗೆ, 1947ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. 1950ರಲ್ಲಿ ಕೃಷಿ ಇಲಾಖೆಯ 1026ನೇ ಟೆಕ್ನಿಕಲ್ ಬುಲೆಟಿನ್ ಆಗಿ ಅವರ ಬೆಡ್ ಲೋಡ್ ಫಂಕ್ಷನ್ ಪ್ರಕಟವಾಯಿತು. ನಾವು ಲೈಬ್ರರಿಯಲ್ಲಿ ನೋಡಿದ್ದು ಅದರದ್ದೇ ಹೆಸರು. ಒಂದು ಕಡೆ ಹರಿವಿನ ತೀವ್ರತೆ ಸೈ, ಇನ್ನೊಂದು ಕಡೆ ಸಾಗಾಟದ ತೀವ್ರತೆ ಫೈ. ನೀರಿನ ಆಳ, ಇಳಿಜಾರು, ಕಲ್ಲಿನ ಸೈಜ್ ಕೊಟ್ಟರೆ ಎಷ್ಟು ಕಲ್ಲು ಸಾಗುತ್ತದೆ ಅಂತ ಅಂದಾಜು ಸಿಗುತ್ತದೆ.

1971ರಲ್ಲಿ ರಿಟೈರ್ ಆಗುವವರೆಗೂ ಬರ್ಕ್ಲಿಯಲ್ಲೇ ಪಾಠ ಮಾಡಿದರು. ಅವರ ಶಿಷ್ಯರಲ್ಲಿ ಒಬ್ಬರು ಚೀನಾದ ಚಿಯೆನ್ ನಿಂಗ್. ಊರಿಗೆ ವಾಪಸ್ ಹೋಗಿ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಮಣ್ಣು ಹೊರುತ್ತಿದ್ದ ಹಳದಿ ನದಿಯ ಮೇಲೆ ಕೆಲಸ ಮಾಡಿದರು. ಆ ನದಿಗೆ 1960ರಲ್ಲಿ ಕಟ್ಟಿ ಮುಗಿಸಿದ ಸಾನ್‌ಮೆನ್‌ಶಿಯಾ ಅಣೆಕಟ್ಟು ಕೆಲವೇ ವರ್ಷಗಳಲ್ಲಿ ಹೂಳು ತುಂಬಿ, ಪುನಃ ತೂತು ಕೊರೆದು ರಿಪೇರಿ ಮಾಡಬೇಕಾಯಿತು. ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ನೋಡಲು ನಾವು ಚೀನಾಕ್ಕೆ ಹೋಗಬೇಕಾಗಿಲ್ಲ. ನಮ್ಮ ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ.

1955ರಲ್ಲಿ ಅಪ್ಪನಿಗೆ ತೀರಾ ಹುಷಾರಿಲ್ಲ ಅಂತ ಸುದ್ದಿ ಬಂದಾಗ ಹಾನ್ಸ್ ಆಲ್ಬರ್ಟ್ ಕ್ಯಾಲಿಫೋರ್ನಿಯಾದಿಂದ ವಿಮಾನ ಹತ್ತಿ ಪ್ರಿನ್ಸ್‌ಟನ್ ಆಸ್ಪತ್ರೆಗೆ ಹೋದರು. ಕೊನೆಯ ದಿನಗಳಲ್ಲಿ ಇಬ್ಬರೂ ಜೊತೆಗಿದ್ದರು. 1958ರಲ್ಲಿ ಫ್ರೀಡಾ ಹೋದರು. ಮರುವರ್ಷ ಎಲಿಜಬೆತ್ ರೋಬೊಜ್ ಎಂಬ ವಿಜ್ಞಾನಿಯನ್ನು ಮದುವೆಯಾದರು. ಅಪ್ಪನ ಹಾಗೆ ಹಾಯಿದೋಣಿಯ ಹುಚ್ಚು, ಸಂಗೀತದ ಹುಚ್ಚು ಎರಡೂ ಅವರಿಗಿತ್ತು. ರಜೆ ಸಿಕ್ಕಿದರೆ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ದೋಣಿ. 1973ರ ಜೂನ್ ಕೊನೆಗೆ ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿ ಒಂದು ಸಭೆಗೆ ಹೋದಾಗ ಹೃದಯಾಘಾತವಾಯಿತು, ಜುಲೈ 26ರಂದು ತೀರಿಕೊಂಡರು. 1988ರಲ್ಲಿ ಅಮೆರಿಕನ್ ಸೊಸೈಟಿ ಆಫ್ ಸಿವಿಲ್ ಇಂಜಿನಿಯರ್ಸ್ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿ ಸ್ಥಾಪಿಸಿತು.

ಹೊಳೆಗೆ ಕಿವಿ ಕೊಟ್ಟವರು

ಅವರ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಅದು ಹೆಚ್ಚಾಗಿ ಮರಳಿನ ಹೊಳೆಗಳಿಗೆ, ಸಮನಾದ ಹರಿವಿಗೆ ಹೊಂದುತ್ತದೆ. ಘಟ್ಟದ ಹೊಳೆಯಲ್ಲಿ ಮರಳಿನಿಂದ ಬಂಡೆಯವರೆಗೆ ಎಲ್ಲ ಸೈಜೂ ಕಲಸಿರುತ್ತದೆ. ದೊಡ್ಡ ಕಲ್ಲಿನ ಹಿಂದೆ ಸಣ್ಣದು ಅಡಗಿ ಕೂರುತ್ತದೆ. ಅಂಥ ಕಡೆ ಫಾರ್ಮುಲಾ ಹೇಳಿದ್ದಕ್ಕೂ ಹೊಳೆ ಮಾಡಿದ್ದಕ್ಕೂ ಹತ್ತಾರು ಪಟ್ಟು ವ್ಯತ್ಯಾಸ ಬರಬಹುದು. ಹಾಗಾದರೆ ಅಳೆಯಲೇಬೇಕು. ಆದರೆ ನೆರೆ ಬಂದ ರಾತ್ರಿ ಬಲೆ ಹಿಡಿದುಕೊಂಡು ಹೊಳೆಗೆ ಇಳಿಯುವವರು ಯಾರು ಮಾರಾಯ್ರೆ?

ಉತ್ತರ: ಕಣ್ಣು ಬಿಟ್ಟು ಕಿವಿ ಬಳಸುವುದು. ಘಟ್ಟದ ಬುಡದ ಮನೆಗಳ ಅಜ್ಜ ಅಜ್ಜಿಯರನ್ನು ಕೇಳಿ. ಬೊಳ್ಳ ಬಂದ ರಾತ್ರಿ ಹೊಳೆಯ ಅಡಿಯಿಂದ ಗುಡುಗುಡು ಸದ್ದು ಬರುವುದು ಅವರಿಗೆ ಗೊತ್ತುಂಟು. ಅದು ಕಲ್ಲಿಗೆ ಕಲ್ಲು ತಾಗುವ ಸದ್ದು. ಹಾನ್ಸ್ ಆಲ್ಬರ್ಟ್ ಜ್ಯೂರಿಕ್‌ನಲ್ಲಿ ಬಣ್ಣದ ಕಲ್ಲು ಎಣಿಸುತ್ತಿದ್ದ ವರ್ಷಗಳಲ್ಲೇ ಪಕ್ಕದ ಆಸ್ಟ್ರಿಯಾದ ಇನ್ ನದಿಯಲ್ಲಿ ಮುಲ್‌ಹೋಫರ್ ಎಂಬವರು ಉಕ್ಕಿನ ಪೆಟ್ಟಿಗೆಯೊಳಗೆ ಮೈಕ್ರೊಫೋನ್ ಇಟ್ಟು ನೀರಿಗೆ ಇಳಿಸಿ ಈ ಸದ್ದು ಕೇಳಿದ್ದರು. ಆಗ ಅದನ್ನು ರೆಕಾರ್ಡ್ ಮಾಡಿ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ಸ್ ಇರಲಿಲ್ಲ.

1986ರಲ್ಲಿ ಸ್ವಿಟ್ಜರ್ಲೆಂಡಿನ ಎರ್ಲೆನ್‌ಬಾಖ್ ಎಂಬ ಕಡಿದಾದ ಪುಟ್ಟ ತೊರೆಯಲ್ಲಿ ಈ ಕೆಲಸ ಪಕ್ಕಾ ಶುರುವಾಯಿತು. ಅದರ ಜಲಾನಯನ ಪ್ರದೇಶ 1 ಚದರ ಕಿಲೋಮೀಟರ್ ಕೂಡ ಇಲ್ಲ. ತೊರೆಗೆ ಅಡ್ಡಲಾಗಿ ಕಾಂಕ್ರೀಟ್ ಪಟ್ಟಿ, ಅದರ ಮೇಲೆ ತಳಕ್ಕೆ ಸಮನಾಗಿ ಉಕ್ಕಿನ ಪ್ಲೇಟ್‌ಗಳು, ಪ್ಲೇಟಿನ ಅಡಿಗೆ ಸೆನ್ಸರ್. ಮೊದಲು ಪೀಜೊ ಸೆನ್ಸರ್ ಇತ್ತು, 2000ದಲ್ಲಿ ಜಿಯೋಫೋನ್ ಬಂತು. ಜಿಯೋಫೋನ್ ಅಂದರೆ ಒಂದು ಆಯಸ್ಕಾಂತ, ಒಂದು ಕಾಯಿಲ್. ಕಲ್ಲು ಪ್ಲೇಟಿಗೆ ಬಡಿದಾಗ ಪ್ಲೇಟ್ ನಡುಗುತ್ತದೆ, ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಒಂದು ಮಿತಿಗಿಂತ ಮೇಲೆ ಹೋದ ಪ್ರತಿ ಹೊಡೆತವನ್ನೂ ಒಂದು ಅಂತ ಎಣಿಸುತ್ತದೆ. ಸುಮಾರು 1ರಿಂದ 2 ಸೆಂ.ಮೀ.ಗಿಂತ ದೊಡ್ಡ ಕಲ್ಲುಗಳು ಇದಕ್ಕೆ ಕೇಳಿಸುತ್ತವೆ, ನುಣ್ಣನೆ ಮರಳು ಕೇಳಿಸುವುದಿಲ್ಲ. ಕೆಳಗಡೆ ಗುಂಡಿಯಲ್ಲಿ, ಬುಟ್ಟಿಯಲ್ಲಿ ಬಿದ್ದ ಕಲ್ಲನ್ನು ತೂಗಿ, ಎಷ್ಟು ಹೊಡೆತಕ್ಕೆ ಎಷ್ಟು ಕಿಲೋ ಅಂತ ಕ್ಯಾಲಿಬ್ರೇಟ್ ಮಾಡಿಕೊಳ್ಳಬೇಕು. ಒಂದು ಹೊಳೆಯ ಕ್ಯಾಲಿಬ್ರೇಶನ್ ಇನ್ನೊಂದಕ್ಕೆ ಹಾಗೇ ಆಗುವುದಿಲ್ಲ.

ಜಪಾನಿನವರು ಉಕ್ಕಿನ ಪೈಪಿನೊಳಗೆ ಮೈಕ್ರೊಫೋನ್ ಇಟ್ಟು ಇದೇ ಕೆಲಸ ಮಾಡಿದರು. ನೇಪಾಳದಲ್ಲಿ ಭೂಕಂಪ ಅಧ್ಯಯನಕ್ಕೆ ಇಟ್ಟ ಯಂತ್ರಗಳು ಮಳೆಗಾಲದಲ್ಲಿ ತ್ರಿಶೂಲಿ ನದಿಯ ಗದ್ದಲವನ್ನು ದಡದಿಂದಲೇ ಹಿಡಿದವು. ಬಣ್ಣದ ಕಲ್ಲಿನ ಬದಲು ಈಗ ಕಲ್ಲಿಗೆ ತೂತು ಕೊರೆದು ಆರ್‌ಎಫ್‌ಐಡಿ ಟ್ಯಾಗ್ ಹಾಕಿ ಹೊಳೆಗೆ ಬಿಡುತ್ತಾರೆ. ಹೀಗೆ ಸಿಕ್ಕ ಡೇಟಾದಲ್ಲಿ ಕಲ್ಲಿನ ಸಾಗಾಟ ಒಂದೇ ಸಮನೆ ಇರುವುದಿಲ್ಲ. ನೀರು ಅಷ್ಟೇ ಇದ್ದರೂ ಒಮ್ಮೆ ಸದ್ದು ಏರುತ್ತದೆ, ಒಮ್ಮೆ ಇಳಿಯುತ್ತದೆ. ಹೆಜ್ಜೆ ಹಾಕುವುದು, ಕೂರುವುದು, ಎರಡೂ ರ‍್ಯಾಂಡಮ್. ಫ್ಲೂಮಿನ ಪಕ್ಕ ಕೂತು ಆ ಮನುಷ್ಯ ಹೇಳಿದ್ದು ಅದನ್ನೇ ತಾನೆ?

ನಮಗೆ ಇದರಿಂದ ಎಂತ?

ನಮ್ಮ ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಉಂಟು. ನೀರಿನ ಮಟ್ಟ, ಹರಿವು ಅಳೆಯುತ್ತಾರೆ. ಆದರೆ ನಮ್ಮ ದೇಶದಲ್ಲಿ ಹೂಳು ಅಂದರೆ ಸಾಮಾನ್ಯವಾಗಿ ಅಳೆಯುವುದು ತೇಲುವ ಮಣ್ಣನ್ನು. ತಳದ ಕಲ್ಲನ್ನು ಅದರ ಇಂತಿಷ್ಟು ಪರ್ಸೆಂಟ್ ಅಂತ ಹಿಡಿದು ಡಿಸೈನ್ ಮಾಡುವುದು ವಾಡಿಕೆ. ಆ ಪರ್ಸೆಂಟ್ ತಪ್ಪಿದರೆ ಅಣೆಕಟ್ಟಿನ ಆಯಸ್ಸು, ಸೇತುವೆಯ ಬುಡ, ಮರಳು ತೆಗೆಯಲು ಕೊಡುವ ಪರ್ಮಿಟ್, ಎಲ್ಲದರ ಲೆಕ್ಕವೂ ತಪ್ಪುತ್ತದೆ. ಹೊಳೆ ವರ್ಷಕ್ಕೆ ಎಷ್ಟು ತರುತ್ತದೆ ಅಂತ ಗೊತ್ತಿಲ್ಲದೆ ಎಷ್ಟು ತೆಗೆಯಬಹುದು ಅಂತ ಹೇಗೆ ಹೇಳುವುದು?

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಅದರ ಜೊತೆ ಹೋದ ಒಂದು ಲಾರಿಯನ್ನು ಹೊಳೆಯ ತಳದಿಂದ ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಬೇಕಾಯಿತು. ಅಷ್ಟು ದಿನ ನಾವೆಲ್ಲ ಫೋನ್‌ನಲ್ಲಿ ನ್ಯೂಸ್ ನೋಡುತ್ತಾ ಇದ್ದೆವು. ಅಷ್ಟು ದೊಡ್ಡ ಲಾರಿ ಹೇಗೆ ಸಿಗುವುದಿಲ್ಲ ಅಂತ ಎಲ್ಲರೂ ಕೇಳುತ್ತಿದ್ದರು. ಹೊಳೆಯ ತಳ ಎಷ್ಟು ಕತ್ತಲು ಅಂತ ನಮಗೆ ಆಗ ಗೊತ್ತಾಯಿತು.

ಜಿಯೋಫೋನ್ ರಾಕೆಟ್ ಸೈನ್ಸ್ ಅಲ್ಲ. ಸೆನ್ಸರ್ ಇಸಿಯವರಿಗೆ ಗೊತ್ತು, ಸಿಗ್ನಲ್ ಬಿಡಿಸುವುದು ಸಿಎಸ್‌ನವರಿಗೆ ಗೊತ್ತು, ಪ್ಲೇಟ್ ಮೆಕ್ಯಾನಿಕಲ್‌ನವರು ಮಾಡುತ್ತಾರೆ, ಹೊಳೆಗೆ ಇಳಿಯಲು ಸಿವಿಲ್‌ನವರು ನಾವಿದ್ದೇವೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಇನ್ನೂ ಎರಡು ವರ್ಷ ಉಂಟು. ನಮ್ಮ ಹಾಸ್ಟೆಲಿನವನ ತೋಟದ ಪಕ್ಕದಲ್ಲೇ ಒಂದು ತೋಡು ಹರಿಯುತ್ತದೆ. ಅವನ ಅಪ್ಪ ಆಗಲೇ ಒಪ್ಪಿದ್ದಾರೆ. ಬೇಸಿಗೆಯಲ್ಲಿ ಪ್ಲೇಟ್ ಹಾಕಿದರೆ ಜೂನ್‌ನಲ್ಲಿ ಮೊದಲ ಸದ್ದು ಕೇಳಬಹುದು. ಯಾರಿಗಾದರೂ ಸೇರುವ ಮನಸ್ಸಿದ್ದರೆ ಕನ್ನಡ ಸಂಘದ ರೂಮಿಗೆ ಬನ್ನಿ. ಬ್ರಾಂಚ್ ಯಾವುದಾದರೂ ಆಗಬಹುದು, ಒಂದು ಜೊತೆ ಗಮ್‌ಬೂಟ್ ಮಾತ್ರ ನೀವೇ ತನ್ನಿ.